ಗಾಜಿನೊಳಗಿನ ಬಿಸಿಲು

ನಾನು ಓದಿದ್ದು ಏಳನೇ ಕ್ಲಾಸಿನವರೆಗೆ. ಆಮೇಲೆ ಭದ್ರಾವತಿಯ ಒಂದು ಗಾಜಿನ ಅಂಗಡಿಗೆ ಸೇರಿದೆ. ಇವತ್ತಿಗೂ ಕಿಟಕಿ, ಶೋಕೇಸುಗಳಿಗೆ ಗಾಜು ಕತ್ತರಿಸುವುದೇ ನನ್ನ ಕೆಲಸ. ಗಾಜಿನ ವಿಷಯದಲ್ಲಿ ನನಗೆ ತಿಳಿಯದ್ದು ಏನೂ ಇಲ್ಲ ಎಂದುಕೊಂಡಿದ್ದೆ.

ತಂಗಿ ಒಂದು ಬಿಯರ್ಡೆಡ್ ಡ್ರ್ಯಾಗನ್ ಸಾಕಿದ್ದಳು. ನೋಡಲು ನಮ್ಮ ಬೇಲಿಯ ಓತಿಕ್ಯಾತದಂತೆಯೇ, ಆದರೆ ಇನ್ನೂ ದಪ್ಪ, ಗಂಟಲ ಕೆಳಗೆ ಮುಳ್ಳುಮುಳ್ಳಾದ ಗಡ್ಡ. ಅವಳಿಗೆ ಶಂಕರಘಟ್ಟದ ಯೂನಿವರ್ಸಿಟಿಯಲ್ಲಿ ಓದಲು ಸೀಟು ಸಿಕ್ಕಿತು. ಹಾಸ್ಟೆಲಿನಲ್ಲಿ ಪ್ರಾಣಿ ಇಟ್ಟುಕೊಳ್ಳುವಂತಿರಲಿಲ್ಲ. ಅದನ್ನು ನನಗೆ ಒಪ್ಪಿಸಿದಳು. ಅದನ್ನಿಟ್ಟ ಪೆಟ್ಟಿಗೆಯ ಮೇಲಿನ ಟ್ಯೂಬ್‌ಲೈಟ್ ಸಾಮಾನ್ಯದ್ದಲ್ಲ, ಹಗಲೆಲ್ಲ ಉರಿಯಬೇಕು ಎಂದು ಎರಡು ಸಲ ಹೇಳಿ ಹೋದಳು.

ಹಳೆಯ ಪೆಟ್ಟಿಗೆ ಚಿಕ್ಕದೆನಿಸಿ ನಾನೇ ಒಂದು ದೊಡ್ಡದನ್ನು ಗಾಜಿನಲ್ಲಿ ಮಾಡಿದೆ. ಅಂಗಡಿಯ ಯಜಮಾನರು ನೋಡಿ ನಕ್ಕರು. "ಊರೆಲ್ಲ ಓತಿಕ್ಯಾತಕ್ಕೆ ಕಲ್ಲು ಹೊಡೀತದೆ, ನೀನು ಬಂಗ್ಲೆ ಕಟ್ಟಿಸ್ತಿದೀಯಲ್ಲೋ ಮಾರಾಯ." ಪೆಟ್ಟಿಗೆ ಜೋಡಿಸುವಾಗ ಆ ಟ್ಯೂಬ್ ಕೈಜಾರಿ ಒಡೆಯಿತು. ಅಷ್ಟೇ ಉದ್ದದ ಸಾದಾ ಟ್ಯೂಬ್ ತಂದು ಹಾಕಿದೆ. ಪೆಟ್ಟಿಗೆಯನ್ನು ಕಿಟಕಿಯ ಪಕ್ಕ ಇಟ್ಟೆ. ಬೆಳಗಿನ ಬಿಸಿಲು ಗಾಜಿನ ಮೂಲಕ ಅದರ ಬೆನ್ನ ಮೇಲೆಯೇ ಬೀಳುತ್ತಿತ್ತು. ಇನ್ನೇನು ಬೇಕು ಎಂದುಕೊಂಡು ತಂಗಿಗೆ ಹೇಳಲಿಲ್ಲ.

ಕೆಲವು ವಾರಗಳಲ್ಲಿ ಅದರ ಹಸಿವು ಕಡಿಮೆಯಾಯಿತು. ಮೊದಲು ಮಿಡತೆಯ ಬೆನ್ನಟ್ಟುವುದನ್ನು ಬಿಟ್ಟಿತು, ಆಮೇಲೆ ನುಗ್ಗೆಸೊಪ್ಪನ್ನೂ ಮೂಸಿ ಮುಖ ತಿರುಗಿಸಿತು. ತಂಗಿ ಬಂದು ನೋಡಿ ಅತ್ತಳು.

"ನಾನು ಬಿಟ್ಟು ಹೋದೆ ಅಂತ ಮುನಿಸ್ಕೊಂಡಿದೆ ಅಲ್ವಾ ಅಣ್ಣ?"

"ಇರಬಹುದು," ಎಂದೆ.

ಆ ಒಂದು ಮಾತು ಇವತ್ತಿಗೂ ನನ್ನನ್ನು ಬಿಟ್ಟಿಲ್ಲ. ಅಂದಿನಿಂದ ಅವಳು ಮಧ್ಯಾಹ್ನದ ಕ್ಲಾಸು ಬಿಟ್ಟು ದಿನಾ ಬಸ್ಸಿನಲ್ಲಿ ಬರತೊಡಗಿದಳು. ಬೇಯಿಸಿದ ಕುಂಬಳಕಾಯಿಯನ್ನು ಬೆರಳಲ್ಲಿ ನುರಿದು ಅದರ ಬಾಯಿಗೆ ಸವರುತ್ತಾ ಕ್ಷಮಿಸು ಎನ್ನುತ್ತಿದ್ದಳು. ನಾನು ಪಕ್ಕದಲ್ಲೇ ತಟ್ಟೆ ಹಿಡಿದು ನಿಂತಿರುತ್ತಿದ್ದೆ.

ಕೊನೆಗೆ ಅದನ್ನು ಎತ್ತಿಕೊಂಡು ಶಿವಮೊಗ್ಗದ ಪ್ರಾಣಿಗಳ ಡಾಕ್ಟರ ಹತ್ತಿರ ಇಬ್ಬರೂ ಹೋದೆವು. ಅವರು ದವಡೆ ಮುಟ್ಟಿ ನೋಡಿ, ಟ್ಯೂಬ್ ಅದಕ್ಕೆಂದೇ ಬರುವುದು ತಾನೆ, ನಡುವೆ ಬದಲಾಯಿಸಿಲ್ಲವಲ್ಲ ಎಂದು ನನ್ನನ್ನೇ ಕೇಳಿದರು. ತಂಗಿ ಎದುರಿಗಿದ್ದಳು. "ಇಲ್ಲ ಸಾರ್, ಅದೇ," ಎಂದುಬಿಟ್ಟೆ. ಹಾಗಾದರೆ ಹೊಟ್ಟೆಯಲ್ಲಿ ಏನೋ ತೊಂದರೆ ಇರಬೇಕೆಂದು ಅವರು ಹುಳುವಿನ ಔಷಧಿ ಬರೆದರು.

ವಾಪಸು ಬರುವ ಬಸ್ಸಿನಲ್ಲಿ, ರಟ್ಟಿನ ಡಬ್ಬಿಯನ್ನು ಮಡಿಲಲ್ಲಿ ಇಟ್ಟುಕೊಂಡು ತಂಗಿ ಓದು ಬಿಟ್ಟುಬಿಡುತ್ತೇನೆ ಎಂದಳು. ಆಗ ಬಾಯಿಬಿಟ್ಟೆ. ಒಡೆದದ್ದು, ಬದಲಾಯಿಸಿದ್ದು, ಎಲ್ಲ ಹೇಳಿದೆ. ಅವಳು ಬೈಯಲಿಲ್ಲ.

"ಎಷ್ಟು ದಿನ ಆಯ್ತು?"

"ನೀನು ಹೋದ ತಿಂಗಳೇ."

ಮುಂದಿನ ಸ್ಟಾಪಿನಲ್ಲಿ ಇಳಿದು, ಎದುರಿನಿಂದ ಬಂದ ಶಿವಮೊಗ್ಗದ ಬಸ್ಸು ಹತ್ತಿದಳು. ನಾನೂ ಹಿಂದೆ ಹತ್ತಿದೆ. ಡಾಕ್ಟರು ಆಗ ಬಿಡಿಸಿ ಹೇಳಿದರು. ಬಿಸಿಲಿನಲ್ಲಿರುವ, ಅದಕ್ಕೆ ಬೇಕಾದ ಅಂಶವನ್ನು ಗಾಜು ಒಳಗೆ ಬಿಡುವುದಿಲ್ಲ; ಒಡೆದ ಟ್ಯೂಬ್ ಕೊಡುತ್ತಿದ್ದುದು ಅದನ್ನೇ, ಸಾದಾ ಟ್ಯೂಬ್ ಕೊಡುವುದಿಲ್ಲ. ಅದಿಲ್ಲದೆ ಮೂಳೆ ಮೆತ್ತಗಾಗುತ್ತದೆ. ದವಡೆ ನೋಯುವುದರಿಂದ ಅಗಿಯಲಾಗದೆ ತಿನ್ನುವುದನ್ನೇ ಬಿಡುತ್ತದೆ. ಇಷ್ಟು ವರ್ಷ ಗಾಜು ಕೊಯ್ದ ಕೈಗಳನ್ನು ನಾನು ಮೇಜಿನ ಕೆಳಗೆ ಇಳಿಸಿದೆ.

ಹೊಸ ಟ್ಯೂಬ್ ಬಂತು, ಕ್ಯಾಲ್ಸಿಯಂ ಹನಿ ಬಂತು. ದಿನಾ ಬೆಳಿಗ್ಗೆ ಅದನ್ನು ತಾರಸಿಗೆ ಒಯ್ದು ಬರಿಯ ಬಿಸಿಲಿಗೆ ಹಿಡಿದೆವು. ಒಂದು ತಿಂಗಳಾದ ಮೇಲೆ ತಾನಾಗಿ ಒಂದು ಮಿಡತೆ ಹಿಡಿಯಿತು. ಜೀವ ಉಳಿಯಿತು, ಹಿಂದಿನ ಒಂದು ಕಾಲು ಮಾತ್ರ ಸೊಟ್ಟಗೇ ಉಳಿಯಿತು.

ತಂಗಿ ಹಾಸ್ಟೆಲ್ ಬಿಟ್ಟು ಶಂಕರಘಟ್ಟದಲ್ಲಿ ರೂಮು ಮಾಡಿ ಅದನ್ನು ಕರೆದುಕೊಂಡು ಹೋದಳು. "ಟ್ಯೂಬ್ ಒಡೆದಿದ್ದಕ್ಕೆ ನಂಗೇನೂ ಬೇಜಾರಿಲ್ಲ ಅಣ್ಣ," ಎಂದಷ್ಟೇ ಹೋಗುವಾಗ ಹೇಳಿದಳು. ಭಾನುವಾರ ಬರುತ್ತಾಳೆ, ನನ್ನ ಜೊತೆ ಕೂತು ಊಟ ಮಾಡುತ್ತಾಳೆ, ನಗುತ್ತಾಳೆ. ಡ್ರ್ಯಾಗನ್ನಿನ ಸುದ್ದಿಯನ್ನು ಮಾತ್ರ ಅಮ್ಮನಿಗಷ್ಟೇ ಹೇಳುತ್ತಾಳೆ. ನಾನು ಅಡುಗೆಮನೆಯ ಬಾಗಿಲ ಹೊರಗೆ ನಿಂತು ಕೇಳಿಸಿಕೊಳ್ಳುತ್ತೇನೆ.