ಕೊಟ್ಟುಬಿಟ್ಟ ಜರ್ನಲ್

ಕೋಪರಖೈರಣೆಯ ಕಾಲೇಜೊಂದರಲ್ಲಿ ನಾನು ಕೆಮಿಸ್ಟ್ರಿ ಕಲಿಸುತ್ತೇನೆ. ಪ್ರಾಕ್ಟಿಕಲ್ ಪರೀಕ್ಷೆಗೆ ಬರುವವರ ಕೈಯಲ್ಲಿ ವರ್ಷವಿಡೀ ಪ್ರಯೋಗಗಳನ್ನು ಬರೆದು ಸಹಿ ಹಾಕಿಸಿಕೊಂಡ ಜರ್ನಲ್ ಇರಲೇಬೇಕು. ಇಲ್ಲದಿದ್ದರೆ ಲ್ಯಾಬಿನೊಳಗೆ ಬಿಡುವುದಿಲ್ಲ. ಪರೀಕ್ಷೆ ಹತ್ತಿರ ಬಂದಾಗ ಮಕ್ಕಳು ಅದನ್ನು ಎದೆಗವಚಿಕೊಂಡೇ ಓಡಾಡುತ್ತಾರೆ.

ಪರೀಕ್ಷೆಗೆ ಒಂದು ವಾರವಿದ್ದಾಗ ಕೊನೆಯ ವರ್ಷದ ಹುಡುಗಿಯೊಬ್ಬಳು ತನ್ನ ಜರ್ನಲನ್ನು ಜೂನಿಯರ್ ಒಬ್ಬಳಿಗೆ ಕೊಟ್ಟಳು. ವಾಪಸು ಬೇಡ ಎಂದೂ ಹೇಳಿದಳು. ಕೊಟ್ಟವಳದು ಕಲಬುರಗಿ ಕಡೆಯಿಂದ ಬಂದ ಕುಟುಂಬ, ಅಪ್ಪ ಮಾರ್ಕೆಟ್ಟಿನಲ್ಲಿ ಹಮಾಲಿ. ನಾನು ಉಡುಪಿಯ ಹೋಟೆಲಿನವರ ಮಗಳು, ಕೊಡುವ ಕೈ ಕಂಡರೆ ಹೊಗಳದೆ ಇರಲಾರೆ. ಇಡೀ ಕ್ಲಾಸಿನೆದುರು ಅವಳನ್ನು ಹೊಗಳಿದೆ. ಅವಳು ನಕ್ಕಳು. ತಿಂಗಳಿಂದ ಅವಳು ಯಾರೊಡನೆಯೂ ಊಟಕ್ಕೆ ಕೂರುತ್ತಿರಲಿಲ್ಲ, ಹಿಂದಿನ ಬೆಂಚಿಗೆ ಸರಿದಿದ್ದಳು. ಎಲ್ಲ ನೋಡಿದ್ದೆ. ಪರೀಕ್ಷೆಯ ಟೆನ್ಷನ್ ಎಂದು ಕೈತೊಳೆದುಕೊಂಡಿದ್ದೆ, ದಡ್ಡಿ.

ಅಂದೇ ಮಧ್ಯಾಹ್ನ ಮನೆಗೆ ಹೊರಟೆ. ಠಾಣೆಯಲ್ಲಿ ಬದಲಿಸಿದ ಡೊಂಬಿವಲಿ ಲೋಕಲ್ ಮುಂಬ್ರಾ ದಾಟುವಾಗ ತಲೆಗೆ ಹೊಳೆಯಿತು: ಜರ್ನಲ್ ಇಲ್ಲದೆ ಇವಳು ಪರೀಕ್ಷೆಗೆ ಕೂರುವುದು ಹೇಗೆ? ಕೂರುವ ಯೋಚನೆಯೇ ಅವಳಿಗಿಲ್ಲ. ತಿಂಗಳಿಂದ ಎಲ್ಲರಿಂದ ದೂರ ಸರಿದಿದ್ದವಳು ಈಗ ತನಗೇ ಬೇಕಾದ್ದನ್ನೂ ಕೊಟ್ಟುಬಿಟ್ಟಿದ್ದಾಳೆ. ಫೋನ್ ಹಚ್ಚಿದೆ, ಸ್ವಿಚ್ ಆಫ್. ದಿವಾದಲ್ಲಿ ಇಳಿದು ಹಿಂದಿರುಗುವ ಗಾಡಿ ಹತ್ತಿದೆ. ಠಾಣೆ ಬರುವಷ್ಟರಲ್ಲಿ ಎಂಟು ಸಲ ಫೋನ್ ಮಾಡಿದೆ. ಪಕ್ಕದ ಹೆಂಗಸು ನೀರಿನ ಬಾಟಲಿ ಕೊಟ್ಟಳು. ಅದನ್ನು ಹಿಡಿದುಕೊಂಡೇ ಬಾಗಿಲ ಬಳಿ ಹೋಗಿ ನಿಂತೆ.

ಒಮ್ಮೆ ಜ್ವರ ಬಂದಾಗ ಹುಡುಗಿಯನ್ನು ನಾನೇ ಮನೆಗೆ ಬಿಟ್ಟಿದ್ದರಿಂದ ಕಾಲೇಜಿನ ಬಳಿ ಅವರಿದ್ದ ಚಾಳಿನ ದಾರಿ ಗೊತ್ತಿತ್ತು. ಬಾಗಿಲು ತೆರೆದಿತ್ತು. ಅವಳು ನೆಲದ ಮೇಲೆ ಕೂತಿದ್ದಳು. ಜೀವಂತವಾಗಿದ್ದಳು. ಚಪ್ಪಲಿ ಕಳಚುವುದನ್ನೂ ಮರೆತು ಪಕ್ಕದಲ್ಲಿ ಕೂತೆ.

“ನಿಂಗೆ ಸಾಯುವ ಯೋಚನೆ ಉಂಟಾ ಮಗಾ?”

“ಹಾಂ,” ಎಂದಳು, ಹಾಜರಿ ಕೂಗಿದಾಗ ಹೇಳುವಷ್ಟೇ ಮೆತ್ತಗೆ. ಕನ್ನಡ ತಿಳಿದರೂ ಅವಳ ಉತ್ತರ ಯಾವಾಗಲೂ ಹಿಂದಿಯಲ್ಲೇ. “ಮಮ್ಮಿ ಕೋ ಮತ್ ಬೋಲ್ನಾ, ಮ್ಯಾಡಮ್.”

“ಆ ಮಾತು ಮಾತ್ರ ಕೊಡ್ಲಿಕ್ಕೆ ಆಗುದಿಲ್ಲ. ನಿನ್ನ ಅಮ್ಮನಿಗೆ ನಾನು ಹೇಳ್ತೇನೆ.”

ಅವಳು ಮುಖ ತಿರುಗಿಸಿದಳು. ಬೇರೆಯವರ ಮನೆಗೆಲಸ ಮುಗಿಸಿ ತಾಯಿ ಬರುವವರೆಗೂ ಇಬ್ಬರೂ ಹಾಗೆಯೇ ಕೂತಿದ್ದೆವು. ಬಂದವರಿಗೆ ಎಲ್ಲ ಹೇಳಿದೆ. ಆ ತಾಯಿ ಅಳುತ್ತಾರೆ, ಇಲ್ಲವೇ ನನ್ನನ್ನು ಬೈಯುತ್ತಾರೆ ಎಂದುಕೊಂಡಿದ್ದೆ. ಅವರು ಗೋಡೆಗೆ ಒರಗಿ ನಿಂತರು.

“ನನಗೂ ಹಂಗೇ ಅನಿಸಿತ್ರಿ ಮೇಡಂ. ಕೇಳಿದ್ರ ಎಲ್ಲಿ ಖರೇನೇ ಆಗ್ತದೋ ಅಂತ ಅಂಜಿ ಸುಮ್ಮನಿದ್ದೆ.”

ಆಗಲೇ ರಿಕ್ಷಾ ಹಿಡಿದು ಆಸ್ಪತ್ರೆಯ ಮನೋವೈದ್ಯರಲ್ಲಿಗೆ ಹೊರಟೆವು. ಅವಳು ನಡುವೆ, ನಾವು ಆಚೀಚೆ. ಒಂದು ಕೈ ತಾಯಿಯ ಮುಷ್ಟಿಯಲ್ಲಿ, ಇನ್ನೊಂದು ನನ್ನದರಲ್ಲಿ. ಸಿಗ್ನಲ್ಲಿನಲ್ಲಿ ರಿಕ್ಷಾ ನಿಂತಾಗ ಅವಳು, ಬಿಡಿ, ನಾನೇನು ಓಡಿಹೋಗುವುದಿಲ್ಲ, ಕೈ ನೋಯುತ್ತಿದೆ ಎಂದಳು.

ನಾವಿಬ್ಬರೂ ಬಿಡಲಿಲ್ಲ.