ಬಂಡಮ್ಮ ಕಟ್ಟಿದ ಡೈನಮೋ

ಜಹೀರಾಬಾದಿನ ಬಸ್ ಸ್ಟ್ಯಾಂಡಿನ ಹಿಂದಿನ ಗಲ್ಲಿಯಲ್ಲಿ, ನಮ್ಮ ಮನೆಗೆ ಅಂಟಿಕೊಂಡೇ ತುಳಸಿರಾಮನ ಮನೆ, ಮುಂದೆ ಅವನ ಅಂಗಡಿ. ಸುಟ್ಟ ಮೋಟರಿಗೆ ಹೊಸ ತಂತಿ ಸುತ್ತಿ ಕೊಡುವ ಅಂಗಡಿ. ಬೋರ್ಡಿನ ಮೇಲೆ ಅವನ ಹೆಸರು, ತಂತಿ ಸುತ್ತುವ ಕೈ ಮಾತ್ರ ಹೆಂಡತಿ ಬಂಡಮ್ಮನದು. ಸಿರ್ಗಾಪುರದಿಂದ ಮದುವೆಯಾಗಿ ಬಂದ ಹೊಸತರಲ್ಲಿ ರೊಟ್ಟಿ ಬಡಿದು ಬಿಡುವಾದಾಗ ಗಂಡನಿಗೆ ತಂತಿ ಹಿಡಿದುಕೊಡುತ್ತಿದ್ದಳು. ಅವನ ಕಣ್ಣು ಮಂಜಾದ ಮೇಲೆ ಪೂರ್ತಿ ಕೆಲಸವೇ ಅಡಿಗೆಮನೆಗೆ ಬಂತು. ಮಧ್ಯಾಹ್ನ ಅವಳು ಸುತ್ತುತ್ತಿದ್ದಳು, ಸಂಜೆ ಅವನು ಗಿರಾಕಿಗೆ ಕೊಡುತ್ತಿದ್ದ. ಯಾರೂ ಕೇಳಲಿಲ್ಲ, ಅವಳೂ ಹೇಳಲಿಲ್ಲ.

ಹೋದ ವರ್ಷ ತುಳಸಿರಾಮ ತೀರಿಕೊಂಡ. ಅಂಗಡಿಗೆ ಅವನ ತಮ್ಮ ಉಮಾಕಾಂತ ಬಂದ. ಲಾರಿ, ಟ್ರ್ಯಾಕ್ಟರಿನ ಲೈಟು, ಹಾರ್ನು ಅವನಿಗೆ ಗೊತ್ತು, ತಂತಿ ಸುತ್ತುವ ವೈಂಡಿಂಗ್ ಬರುವುದಿಲ್ಲ. ಒಂದು ದಿನ ಬಂಡಮ್ಮ ಕೇಳಿಯೇ ಬಿಟ್ಟಳು: ಗಂಡ ಕೂಡುತ್ತಿದ್ದ ಸ್ಟೂಲಿನ ಮೇಲೆ ತಾನು ಕೂಡುತ್ತೇನೆ, ಗಿರಾಕಿಗಳು ತನ್ನ ಕೈಗೇ ಕೆಲಸ ಕೊಡಲಿ. ನಡುವಿನ ಗೋಡೆ ತೆಳು, ಪಕ್ಕದ ಮನೆಯ ಮುದುಕಿ ನನಗೆಲ್ಲ ಕೇಳಿಸಿತು.

"ಬಜಾರದಾಗ ಹೆಣ್ಮಗಳು ಮೋಟರ್ ಬಿಚ್ಚಕೋತ ಕುಂತ್ರ ಮಂದಿ ನಗ್ತಾರ ವೈನಿ," ಅಂದ ಉಮಾಕಾಂತ ಅತ್ತಿಗೆಗೆ. ತುಸು ತಡೆದು, "ಆತು, ತಾಂಡೂರ ಸೇಟಂದು ಹಳೇ ಕಾರ್ ಬಂದದ. ಅದರ ಡೈನಮೋ ಎಬ್ಬಿಸ್ರಿ ನೋಡಮು. ಎದ್ರ ಸ್ಟೂಲ್ ನಿಮ್ದು," ಎಂದ.

ಸೇಟು ನಂದಕಿಶೋರನದು ತಾಂಡೂರಿನಲ್ಲಿ ನೆಲಕ್ಕೆ ಹಾಸುವ ಫರಶಿ ಕಲ್ಲಿನ ವ್ಯಾಪಾರ. ಅಜ್ಜನ ಕಾಲದ ಆ ಕರಿ ಕಾರು ಮಗಳು ಮಯೂರಿಯ ಮದುವೆ ಮೆರವಣಿಗೆಗೆ ಬೇಕಾಗಿತ್ತು. ಮೆರವಣಿಗೆಯಲ್ಲಿ ಕಾರು ಬಾಜಾದವರ ಹಿಂದೆ ಇರುವೆಯ ಹಾಗೆ ಹೋಗಬೇಕು. ಅಷ್ಟು ನಿಧಾನಕ್ಕೆ ಹಳೆಯ ಡೈನಮೋ ಕರೆಂಟು ಹುಟ್ಟಿಸುವುದಿಲ್ಲ. ಬ್ಯಾಟರಿ ಇಳಿದು ಲೈಟು ಕಂದುತ್ತದೆ. ಈಗಂತೂ ಅದು ಸುಟ್ಟೇ ಹೋಗಿತ್ತು.

ಬಂಡಮ್ಮ ಬಿಚ್ಚಿದಳು. ಕರಿದಾದ ತಂತಿ ಕಿತ್ತು, ಮೊದಲಿಗಿಂತ ತೆಳುವಾದ ತಂತಿಯಿಂದ ಹೆಚ್ಚು ಸುತ್ತು ಹಾಕಿದಳು. ಸಂದಿಗಳಿಗೆ ಬಿದಿರಿನ ಸೀಳು ಬಡಿದು, ವಾರ್ನಿಶ್ ಹಚ್ಚಿ, ಹಪ್ಪಳದ ಪಕ್ಕದಲ್ಲೇ ಮಾಳಿಗೆಯ ಮೇಲೆ ಬಿಸಿಲಿಗಿಟ್ಟಳು. ಸವೆದ ಬುಷ್ ತೆಗೆಸಿ ಬೇರಿಂಗ್ ಹಾಕಿಸಿದಳು. ಎಂಜಿನ್ ನಿಧಾನವಿದ್ದರೂ ಡೈನಮೋ ಜೋರಾಗಿ ತಿರುಗಲೆಂದು ಅದರ ಬೆಲ್ಟಿನ ಪುಲ್ಲಿಯನ್ನೂ ಸಣ್ಣದು ಮಾಡಿಸಿದಳು.

ಹೊಸ ವೈಂಡಿಂಗಿಗೆ ಮೊದಲು ಬ್ಯಾಟರಿ ಮುಟ್ಟಿಸಿ ದಿಕ್ಕು ಕಲಿಸಬೇಕಂತೆ, ಕೂಸಿಗೆ ಉಣ್ಣುವ ಕೈ ಯಾವುದೆಂದು ಕಲಿಸಿದ ಹಾಗೆ. ಈಗಿನ ಗಾಡಿಗಳಲ್ಲಿ ಬ್ಯಾಟರಿಯ ಮೈನಸ್ ತಂತಿ ಕಾರಿನ ಬಾಡಿಗೆ, ಅಂದರೆ ಕಬ್ಬಿಣದ ಮೈಗೆ, ಹೋಗುತ್ತದೆ. ಈ ಮುದಿ ಕಾರಿನಲ್ಲಿ ಪ್ಲಸ್. ಅದರಂತೆಯೇ ತಾನು ಕಲಿಸಿದ್ದೇನೆ, ಬ್ಯಾಟರಿ ತಿರುವುಮುರುವಾದರೆ ಸುತ್ತಿದ್ದೆಲ್ಲ ಸುಟ್ಟು ಬೂದಿ ಎಂದು ಅವಳು ಹೇಳಿದ್ದು ನನಗೆ ನೆನಪಿದೆ.

ಅಂಗಡಿಯ ಬ್ಯಾಟರಿಯನ್ನು ತಾನೇ ಕೂಡಿಸಿ ಕಾರು ಚಾಲೂ ಮಾಡಿಸಿದಳು. ಸ್ಕ್ರೂಡ್ರೈವರಿನ ತುದಿ ಡೈನಮೋಗೆ, ಹಿಡಿ ತನ್ನ ಕಿವಿಗೆ ಹಚ್ಚಿ ಬಹಳ ಹೊತ್ತು ಕೇಳಿದಳು. ಎಂಜಿನ್ ನಿಧಾನಕ್ಕೆ ಇಳಿಸಿದರೂ ಲೈಟು ಕಂದಲಿಲ್ಲ. ಸಂಜೆ ಬಂಡಮ್ಮ ಸ್ಟೂಲನ್ನು ತೊಳೆದು ಒಣಗಿಸಿದಳು.

ಮರುದಿನ ಸೇಟು ಹೊಸ ಬ್ಯಾಟರಿ ತಂದ. ಜೊತೆಗೆ ಅವನ ತಾಯಿ ಮಾಲತೀಬಾಯಿ, ಕೈಯಲ್ಲಿ ಆರತಿ ತಟ್ಟೆ. ಕಾರಿಗೆ ಅರಿಶಿನ ಕುಂಕುಮ ಹಚ್ಚಿ ಚೆಂಡುಹೂವಿನ ಮಾಲೆ ಹಾಕಿದರು. ಬಂಡಮ್ಮ ಬ್ಯಾಟರಿಗೆ ಕೈ ಚಾಚುವಾಗ ಮಾಲತೀಬಾಯಿ ಅವಳ ಬರಿ ಹಣೆ ನೋಡಿದರು. ಮದುವೆ ಗಾಡಿ, ಅರಿಶಿನ ಬಿದ್ದ ಮೇಲೆ ಅವಳು ಮುಟ್ಟಬಾರದು ಎಂದರು. ಬಂಡಮ್ಮ ಹಿಂದೆ ಸರಿದು ಬಂದು ನಮ್ಮ ಕಟ್ಟೆಯ ಮೇಲೆ ನನ್ನ ಪಕ್ಕ ನಿಂತಳು.

ಬ್ಯಾಟರಿ ಉಮಾಕಾಂತನ ಕೈಗೆ ಹೋಯಿತು. ಅವಳು ಅಲ್ಲಿಂದಲೇ ಹೇಳಿದಳು: "ಉಮಾಕಾಂತ, ಪ್ಲಸ್ ಬಾಡಿಗಿ ಹಚ್ಚು. ಇದು ಹಳೇ ಕಾರ್ ಅದ."

"ಮಂಗಳ ಕೆಲಸದಾಗ ಆಕಿ ದನಿ ಯಾಕ್ ಬೇಕು?" ಎಂದರು ಮಾಲತೀಬಾಯಿ.

ಉಮಾಕಾಂತ ಸೇಟಿನ ಮುಖ ನೋಡಿ ನಕ್ಕ. "ಬ್ಯಾಟರಿ ಹಚ್ಚಾಕೂ ನನಗ ಹೆಣ್ಮಕ್ಕಳು ಕಲಿಸಬೇಕೇನ್ರಿ ಸೇಟರ?" ಎಲ್ಲರೂ ನಕ್ಕರು. ಅವನು ಲಾರಿಗಳಿಗೆ ಹಚ್ಚುವ ಹಾಗೆಯೇ ಮೈನಸ್ ತಂತಿಯನ್ನು ಕಾರಿನ ಬಾಡಿಗೆ ಹಚ್ಚಿದ.

ಕಾಯಿ ಒಡೆದರು, ಕಾರು ಚಾಲೂ ಮಾಡಿದರು. ಒಂದಿಷ್ಟು ರೇಸ್ ಕೊಟ್ಟದ್ದೇ ತಡ, ಕಾರಿನ ಮುಂಭಾಗದಿಂದ ಹೊಗೆ ಎದ್ದಿತು, ಡೈನಮೋ ಸುಟ್ಟಿತ್ತು. ಮಾಲೆಯ ಹೂವು ಬಾಡಿ ಕಮರಿತು. ಬಂಡಮ್ಮ ನನ್ನ ಕೈ ಹಿಡಿದಳು, ಬಿಡಲಿಲ್ಲ.

"ಗಂಡ ಸತ್ತಾಕಿ ಕೈ ಬಿದ್ದಿತ್ತಲ್ಲ, ಮತ್ತೇನಾಗ್ತದ," ಎಂದು ಮಾಲತೀಬಾಯಿ ತಟ್ಟೆ ಎತ್ತಿಕೊಂಡು ಹೊರಟರು. ಉಮಾಕಾಂತ ಬ್ಯಾಟರಿ ನೋಡಿದ. ಅವನಿಗೆ ತಿಳಿಯಿತು, ತಿಳಿದದ್ದನ್ನು ನಾನು ನೋಡಿದೆ. ಬ್ಯಾಟರಿಯ ಎರಡೂ ತಂತಿ ಕಿತ್ತು ಹಾಕಿ, ವೈಂಡಿಂಗ್ ಕಚ್ಚಾ ಇತ್ತು ಎಂದು ಸೇಟಿಗೆ ಹೇಳಿದ. ನಾನು ಕೆಳಗಿಳಿದು ಹೋಗಿ ಬಂಡಮ್ಮನಿಂದ ಕೇಳಿದ್ದನ್ನೆಲ್ಲ ಸೇಟಿಗೆ ಹೇಳಿದೆ.

"ಆಯಿ, ನಿಮಗ ಪ್ಲಸ್ ಮೈನಸ್ ಏನ್ ತಿಳೀತದ?" ಎಂದ ಉಮಾಕಾಂತ.

ಮಯೂರಿಯ ಮೆರವಣಿಗೆ ಬಾಡಿಗೆ ಜೀಪಿನಲ್ಲಿ ಆಯಿತು. ಸ್ಟೂಲಿನ ಮೇಲೆ ಈಗ ಗಿರಾಕಿಗಳು ಕೂತು ಚಹಾ ಕುಡಿಯುತ್ತಾರೆ. ಸುಟ್ಟ ಮೋಟರುಗಳು ಮೊದಲಿನ ಹಾಗೆ ಹಿಂಬಾಗಿಲಿನಿಂದ ಬಂಡಮ್ಮನ ಅಡಿಗೆಮನೆಗೆ ಬರುತ್ತವೆ. ಮದುವೆ ಮುಗಿದ ಮೇಲೆ ಆ ಡೈನಮೋ ಕೂಡ ಚೀಲದಲ್ಲಿ ಬಂತು. ಎಲ್ಲರೆದುರು ನಿಜ ಹೇಳಬೇಕಿತ್ತಲ್ಲವೇ ಎಂದು ನಾನು ಬೈದೆ.

"ಹೇಳೀನಲ್ಲ ಆಯಿ," ಎಂದಳು, ಸುಟ್ಟ ತಂತಿ ಎಳೆಯುತ್ತ. "ಎಲ್ಲಾರೂ ಇದ್ದಾಗೇ ಹೇಳೀನಿ."

ಮತ್ತೆ ಸುತ್ತಿದಳು. ಉಮಾಕಾಂತ ಅದನ್ನು ತಾಂಡೂರಿಗೆ ಒಯ್ದು ತಾನೇ ಕಾರಿಗೆ ಕೂಡಿಸಿ ಬಂದ. ಲೈಟು ಕಂದುವುದಿಲ್ಲವಂತೆ, ಸೇಟು ಅವನಿಗೆ ಶಾಲು ಹೊದಿಸಿದನಂತೆ. ಈ ಸಲ ಪ್ಲಸ್ ತಂತಿಯನ್ನು ಕಾರಿನ ಬಾಡಿಗೇ ಹಚ್ಚಿದ್ದನಂತೆ.