ಅತ್ತೆ ಸುರಿದ ಓಕುಳಿ

ನನ್ನ ಸೋದರತ್ತೆಯ ಎಡಹುಬ್ಬು ಯಾವಾಗಲೂ ಅರ್ಧ ಸುಟ್ಟಿರುತ್ತಿತ್ತು. ಅಜ್ಜಂಪುರದ ನಮ್ಮ ಬಳಗದಲ್ಲಿ ಯಾರ ಮನೆಯ ಮದುವೆಯಾದರೂ ನೀರೊಲೆಯ ಉಸ್ತುವಾರಿ ಅವಳದೇ. ಬಗ್ಗಿ ಊದುವಾಗ ಬೆಂಕಿ ಎದ್ದು ಹುಬ್ಬು ನೆಕ್ಕುತ್ತಿತ್ತು. ಅದು ಬೆಳೆಯುವಷ್ಟರಲ್ಲಿ ಇನ್ನೊಂದು ಮದುವೆ. ಹಂಡೆಯ ನೀರು ಹದವಾಗಿದೆಯೇ ಎಂದು ಮೊಣಕೈ ಅದ್ದಿ ನೋಡುತ್ತಿದ್ದಳು. "ಅಂಗೈ ಕೆಲ್ಸ ಮಾಡಿ ಮಾಡಿ ಜಡ್ಡು ಹಿಡ್ದೈತೆ, ಸುಳ್ಳು ಹೇಳ್ತದೆ" ಎನ್ನುವಳು. ವಿಜ್ಞಾನ ಓದಿದ ಮೇಲೆ ಅವಳ ಹಲವು ನಂಬಿಕೆಗಳನ್ನು ಅಲ್ಲಗಳೆದೆ. ಮೊಣಕೈಯನ್ನು ಮಾತ್ರ ಅಲ್ಲಗಳೆಯಲಾಗಲಿಲ್ಲ.

ಅವಳನ್ನು ನೆನೆದರೆ ಅಕ್ಕನ ಮದುವೆಯ ಹಿಂದಿನ ದಿನದ ಮಧ್ಯಾಹ್ನ ನೆನಪಾಗುತ್ತದೆ. ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ನಾನು ಕಡೂರಿನಲ್ಲಿ ಹಾಸ್ಟೆಲಿನಲ್ಲಿದ್ದು ಪಿಯುಸಿ ಓದುತ್ತಿದ್ದೆ. ನಿದ್ದೆಯಲ್ಲಿರುವವನ ಕೈಯನ್ನು ಬೆಚ್ಚನೆಯ ನೀರಿನಲ್ಲಿಟ್ಟರೆ ಅವನು ಮಲಗಿದಲ್ಲೇ ಉಚ್ಚೆ ಹೊಯ್ದುಕೊಳ್ಳುತ್ತಾನೆ ಎಂಬುದು ಅಲ್ಲಿ ಎಲ್ಲರಿಗೂ ಗೊತ್ತಿದ್ದ ವಿದ್ಯೆ. ಮಾಡಿ ನೋಡಿದವರು ಯಾರೂ ಇರಲಿಲ್ಲ. ಎಲ್ಲರೂ ಬೇರೆ ರೂಮಿನಲ್ಲಿ ಆಗಿದ್ದನ್ನು ಹೇಳುತ್ತಿದ್ದರು.

ಆ ಮಧ್ಯಾಹ್ನ ನಮ್ಮ ಮನೆಯಲ್ಲಿ ಸಿಂಗಟಗೆರೆಯಿಂದ ಬಂದ ಗಂಡಿನ ಕಡೆಯವರು ಊಟ ಮುಗಿಸಿ ಒರಗಿದ್ದರು. ನನಗೆ ಭಾವನಾಗಬೇಕಿದ್ದವರು ಜಗಲಿಯ ಅಂಚಿನಲ್ಲಿ ನಿದ್ದೆ ಹೋಗಿದ್ದರು, ಬಲಗೈ ಕೆಳಗೆ ಜೋತುಬಿದ್ದಿತ್ತು. ಬೀಗರನ್ನು ಗೋಳು ಹೊಯ್ದುಕೊಳ್ಳುವುದು ಹೆಣ್ಣಿನ ಕಡೆಯ ಹುಡುಗರ ಹಕ್ಕು ಎಂದು ನಂಬಿದ್ದ ನಾನು ಹಂಡೆಯಿಂದ ಒಂದು ಬೋಗುಣಿ ನೀರು ತಂದು, ಮೆಟ್ಟಿಲ ಮೇಲಿಟ್ಟು, ಆ ಕೈಯನ್ನು ಮೆಲ್ಲಗೆ ಅದರೊಳಗೆ ಬಿಟ್ಟೆ.

ಸ್ವಲ್ಪ ಹೊತ್ತಿಗೆ ಬಿಳಿ ಪಂಚೆಯ ಮೇಲೆ ಒಂದು ಕಲೆ ಕಂಡಿತು. ಕಂಡಿತು ಎಂದೇ ನನ್ನ ನೆನಪು. ಕಂಬದ ನೆರಳೋ, ನಾನೇ ಬೋಗುಣಿಯಿಂದ ಚೆಲ್ಲಿದ ನೀರೋ, ಈಗ ಆಣೆ ಮಾಡಿ ಹೇಳಲಾರೆ. ಆಗ ಮಾತ್ರ ಕಲೆಯೆಂದೇ ನಂಬಿ ಹೆದರಿದೆ. ಹಿಂದೆ ಅಕ್ಕನನ್ನು ನೋಡಿಹೋದ ಒಬ್ಬ ಹುಡುಗನಿಗೆ ಮೂರ್ಛೆರೋಗವಿದೆ ಎಂಬ ಗುಸುಗುಸು ಕೇಳಿಯೇ ಅಪ್ಪ ಆ ಸಂಬಂಧ ಬಿಟ್ಟಿದ್ದರು. ಚಪ್ಪರದ ತುಂಬ ಜನ. ಮದುವೆ ಗಂಡು ಮಲಗಿದಲ್ಲೇ ಒದ್ದೆ ಮಾಡಿಕೊಂಡ ಎಂಬ ಮಾತು ಒಬ್ಬರ ಬಾಯಿಂದ ಹೊರಟರೆ ಸಾಕಾಗಿತ್ತು. ನನ್ನ ಕಿತಾಪತಿ ಎಂದು ಒಪ್ಪಿಕೊಂಡರೆ ಬೀಗರು ಅವಮಾನವೆಂದು ಎದ್ದು ಹೋಗುತ್ತಿದ್ದರು. ಒಳಗೆ ಅಕ್ಕ ಮದರಂಗಿ ಹಚ್ಚಿಸಿಕೊಳ್ಳುತ್ತಾ ಕೂತಿದ್ದಳು.

ಅಷ್ಟರಲ್ಲಿ ಅತ್ತೆ ಹಿತ್ತಲ ಕಡೆಯಿಂದ ಬಂದಳು. ಬೋಗುಣಿ ನೋಡಿದಳು, ನನ್ನನ್ನು ನೋಡಿದಳು. ಒಳಗೆ ಹೋಗಿ, ಕೊಳಗದ ನೀರಿಗೆ ಆರತಿಯ ಅರಿಶಿನ ಕದಡಿ ತಂದು, ಮಲಗಿದ್ದ ಮದುಮಗನ ಮೇಲೆ ತಲೆಯಿಂದ ಕಾಲಿನವರೆಗೆ ಸುರಿದುಬಿಟ್ಟಳು.

ಅವರು ಹೌಹಾರಿ ಎದ್ದು ಕೂತರು. ಗಂಡಿನ ದೊಡ್ಡಪ್ಪ ಸಿಡುಕಿದರು: "ಏನಮ್ಮಾ ಇದು? ಓಕುಳಿ ಆಡೋದು ತಾಳಿ ಕಟ್ಟಿದ್ಮೇಲಲ್ವಾ?"

"ಅದು ನಿಮ್ ಕಡೆ ಕಣ್ರೀ. ನಮ್ಮನೇಲಿ ಗಂಡು ಬಂದ್ ದಿನಾನೇ ಒಂದ್ಸಲ ನೆನೆಸ್ತೀವಿ. ನೆಂದ ಗಂಡು ಎದ್ದು ಓಡೋಗಲ್ಲ."

ಜಗಲಿ ತುಂಬ ನಗು. ದೊಡ್ಡಪ್ಪನೂ ನಕ್ಕರು. ಅಪ್ಪ ಮಾತ್ರ, ನಮ್ಮಲ್ಲಿ ಇಂಥದೊಂದು ಪದ್ಧತಿ ಇದ್ದದ್ದು ತನಗೆ ಹೇಗೆ ಗೊತ್ತಾಗಲಿಲ್ಲ ಎಂಬಂತೆ ತಂಗಿಯ ಮುಖ ನೋಡುತ್ತಿದ್ದರು. ಮರುದಿನ ಮದುವೆ ನಡೆಯಿತು.

ನನಗೆ ನೆಮ್ಮದಿ ಬರಲಿಲ್ಲ. ಮೈಸೂರಿನಲ್ಲಿ ಪ್ರಾಣಿಶಾಸ್ತ್ರದ ಎಂ.ಎಸ್ಸಿ. ಮಾಡುವಾಗ, ಶರೀರಕ್ರಿಯೆ ಕಲಿಸುತ್ತಿದ್ದ ಮೇಷ್ಟ್ರನ್ನು ಗೆಳೆಯನೊಬ್ಬನ ಕಥೆಯೆಂಬಂತೆ ಕೇಳಿದೆ. ನೀರು ಸುರಿಯುವ ಸದ್ದಿಗೆ ಎಚ್ಚರವಿರುವವರಿಗೆ ಅವಸರವಾಗುವುದುಂಟು, ಆದರೆ ನಿದ್ದೆಯಲ್ಲಿ ಕೈ ಬೆಚ್ಚಗಾದರೆ ಮೂತ್ರಕೋಶ ಸಡಿಲವಾಗುತ್ತದೆ ಎನ್ನಲು ತಾವು ಆಧಾರ ಕಂಡಿಲ್ಲ ಎಂದರು. ಹಾಗಾದರೆ ತಪ್ಪು ನನ್ನದಲ್ಲ ಎಂದು ಒಂದು ಗಳಿಗೆ ಹಗುರಾದೆ. ಮರುಗಳಿಗೆಗೆ ಹೊಸ ಭಯ. ನೀರಿನಿಂದ ಅಲ್ಲವಾದರೆ ಭಾವನವರಿಗೇ ಏನೋ ಕಾಯಿಲೆ ಇತ್ತೆ? ಅತ್ತೆ ಅದನ್ನು ಮುಚ್ಚಿಟ್ಟು ಅಕ್ಕನನ್ನು ಕೊಡಿಸಿಬಿಟ್ಟಳೆ? ಸಿಂಗಟಗೆರೆಗೆ ಹೋದಾಗಲೆಲ್ಲ ಹಿತ್ತಲಲ್ಲಿ ಒಣಗುವ ಹಾಸಿಗೆಗಳನ್ನು ಕದ್ದು ನೋಡುತ್ತಿದ್ದೆ. ಅಕ್ಕ ಸುಖವಾಗಿದ್ದಳು, ಅದನ್ನೂ ನಾನು ನಂಬುತ್ತಿರಲಿಲ್ಲ.

ಕೆಲವು ವರ್ಷಗಳ ಮೇಲೆ ಅತ್ತೆ ಹಾಸಿಗೆ ಹಿಡಿದಿದ್ದಾಳೆಂದು ಕಾಗದ ಬಂತು. ಬೀರೂರಿನಲ್ಲಿ ರೈಲು ಬದಲಾಯಿಸಿ ಶಿವನಿಯ ಅವಳ ಮನೆಗೆ ಹೋದೆ. ಎರಡು ಹುಬ್ಬೂ ಪೂರ್ತಿ ಬೆಳೆದಿದ್ದವು. ಅವಳು ನೀರೊಲೆ ಊದಿ ಬಹಳ ಕಾಲವಾಗಿತ್ತು. ಈಗ ಕೇಳದಿದ್ದರೆ ಇನ್ನು ಹೇಳುವವರಿಲ್ಲ.

"ಅತ್ತೆ, ಅವತ್ತು ನೀನು ನೀರು ಸುರಿಯೋಕೆ ಮುಂಚೇನೆ ಭಾವನ ಪಂಚೆ ಒದ್ದೆ ಆಗಿತ್ತಾ?"

"ಪಂಚೆ ಯಾರ್ ನೋಡಿದ್ರೋ? ನಾನ್ ನೋಡಿದ್ದು ನಿನ್ ಮೊಕ ಕಣೋ. ಬಿಳಿಚ್ಕೊಂಡಿತ್ತು. ಏನೋ ಮಾಡ್ಕೊಂಡವ್ನೆ ಅಂತ ಸುರ್ದೆ."

ಅದೇ ತಿಂಗಳು ತೀರಿಕೊಂಡಳು. ಕಲೆ ಇತ್ತೋ ಇಲ್ಲವೋ ಎಂದು ಹೇಳಬಹುದಾಗಿದ್ದ ಒಂದೇ ಸಾಕ್ಷಿಯಾದ ಆ ಪಂಚೆಯನ್ನು, ನೋಡುವ ಗೋಜಿಗೂ ಹೋಗದೆ, ನನಗಾಗಿ ಅರಿಶಿನದ ನೀರಲ್ಲಿ ಮುಳುಗಿಸಿದ್ದಳು.

ಮುಂದಿನ ವರ್ಷ ತರೀಕೆರೆಯಲ್ಲಿ ಚಿಕ್ಕಪ್ಪನ ಮಗಳ ಮದುವೆ. ಗಂಡಿನ ಕಡೆಯವರು ಬಂದಿಳಿದಾಗ ಭಾವನೇ ಎಲ್ಲರ ಮುಂದೆ, ಗಂಡನ್ನು ಬಂದ ದಿನವೇ ನೆನೆಸುವುದು ಈ ಮನೆತನದ ಹಳೇ ಪದ್ಧತಿ, ನಾನೂ ನೆಂದವನೇ ಎಂದು ನಗುತ್ತಾ ವಿವರಿಸಿ, ಅರಿಶಿನ ನೀರಿನ ಕೊಳಗವನ್ನು ನನ್ನ ಮುಂದಿಟ್ಟರು. ಸುರಿಯಲು ಅತ್ತೆ ಇಲ್ಲವಲ್ಲ. ನಾನು ಅಂಗಿಯ ತೋಳು ಮಡಚಿ ಮೊಣಕೈ ಅದ್ದಿ ನೋಡಿದೆ. ಹದವಾಗಿತ್ತು. ಸುರಿದೆ.